ಬೇಲೂರಿನ ನೊಣ, ಸೈದಾಪೇಟೆಯ ಹುಳು

(ಸಂಘದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಹೊರನಾಡಿನ ಕನ್ನಡ ಸಂಘಗಳ ವೇದಿಕೆಯ ಮೇಲೆ ಪಂಪನಷ್ಟು ಸಲ ನೆನಪಿಗೆ ಬರುವ ಕವಿ ಮತ್ತೊಬ್ಬನಿಲ್ಲ. ರಾಜ್ಯೋತ್ಸವ ಬಂತೆಂದರೆ ಬನವಾಸಿ ಬಂದೇ ಬರುತ್ತದೆ. ಊರು ಬಿಟ್ಟು ಬಂದವರಿಗೆ ಆ ಹಂಬಲ ಹೇಳಿಕೊಡಬೇಕಾದ್ದಲ್ಲ. ಆದರೆ ಕ್ರಿ.ಶ. 941ರ ಸುಮಾರಿಗೆ ರಚಿತವಾದ ವಿಕ್ರಮಾರ್ಜುನ ವಿಜಯದ ಆ ಭಾಗವನ್ನು ನಾವು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಬನವಾಸಿಯಲ್ಲಿ ಮನುಷ್ಯನಾಗಿ ಹುಟ್ಟುವ ಭಾಗ್ಯ ಒದಗದಿದ್ದರೆ ಮರಿದುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಹುಟ್ಟಬೇಕೆನ್ನುತ್ತಾನೆ ಕವಿ. ನಮ್ಮ ಭಾಷಣಗಳಲ್ಲಿ ಕೋಗಿಲೆ ಉಳಿದುಕೊಂಡಿದೆ, ದುಂಬಿ ಹಾರಿಹೋಗಿದೆ. ಕವಿ ಮೊದಲು ಹೇಳಿದ್ದು ದುಂಬಿಯನ್ನು ಎಂಬುದು ಗಮನಾರ್ಹ. ನಾಡಿನ ಮೇಲಿನ ಪ್ರೀತಿಯನ್ನು ಹೇಳಲು ಒಂದು ಹುಳುವಿನ ಜನ್ಮ ಸಾಕೆಂದು ನಮ್ಮ ಆದಿಕವಿಗೆ ತೋರಿತು.

ತಮಿಳು ಬಂಧುಗಳ ನಡುವೆ ಬಾಳುವ ನಮಗೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಶಿವಾಜಿ ಗಣೇಶನ್ ಅಭಿನಯಿಸಿದ ‘ತಿರುವಿಳೈಯಾಡಲ್’ ಚಿತ್ರವನ್ನು (1965) ನೋಡದ ಮನೆ ಈ ಊರಿನಲ್ಲಿ ವಿರಳ. ಅದರಲ್ಲಿ ನಕ್ಕೀರನಿಗೂ ಶಿವನಿಗೂ ವಾಗ್ವಾದ ನಡೆಯುವುದು ಒಂದು ಹಾಡಿನ ವಿಷಯಕ್ಕೆ. ಆ ಹಾಡು ಕುರುಂತೊಗೈ ಸಂಕಲನದ ಎರಡನೆಯ ಪದ್ಯ. ನನ್ನ ನಲ್ಲೆಯ ಮುಡಿಗಿಂತ ಪರಿಮಳದ ಹೂವನ್ನು ನೀನು ಬಲ್ಲೆಯಾ ಎಂದು ಅಲ್ಲಿ ಪ್ರಿಯಕರ ಕೇಳುವುದು ಒಂದು ‘ತುಂಬಿ’ಯನ್ನು. ತಮಿಳಿನ ತುಂಬಿ, ಕನ್ನಡದ ದುಂಬಿ; ಪದ ಒಂದೇ. ಇಂದಿನ ತಮಿಳರು ತುಂಬಿಯೆಂದರೆ ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುತ್ತಾರಲ್ಲ, ಅದನ್ನು ತೋರಿಸುತ್ತಾರೆ. ನಾವು ಹೂವಿನ ಮೇಲೆ ಗುಂಯ್‌ಗುಡುವ ಕಪ್ಪು ಹುಳುವನ್ನು ತೋರಿಸುತ್ತೇವೆ. ಒಂದೇ ಹೆಸರು ಎರಡು ನಾಡುಗಳಲ್ಲಿ ಎರಡು ಹುಳುಗಳ ಮೇಲೆ ಹೋಗಿ ಕುಳಿತಿದೆ.

ಕಲೆಯಲ್ಲೂ ನಿಸರ್ಗದಲ್ಲೂ ಕೀಟಗಳು ಎಂಬ ವಿಷಯವನ್ನು ಕಾರ್ಯದರ್ಶಿಗಳು ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಕಾವ್ಯವಲ್ಲ, ಕಲ್ಲು. ಬೇಲೂರಿಗೆ ಹೋಗಿಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೀವು ಕತ್ತೆತ್ತಿ ನೋಡಿದ್ದೀರಿ. ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಒಂದು ಹಣ್ಣು. ಹಣ್ಣಿನ ಮೇಲೆ ಒಂದು ನೊಣ. ಅದರ ಮೇಲೆರಗಲು ಹೊಂಚಿರುವ ಒಂದು ಹಲ್ಲಿ. ಮಾರ್ಗದರ್ಶಿಗಳು ಕೋಲು ಚಾಚಿ ತೋರಿಸದಿದ್ದರೆ ನೂರರಲ್ಲಿ ತೊಂಬತ್ತು ಮಂದಿಗೆ ಅದು ಕಾಣುವುದೇ ಇಲ್ಲ. ತೋರಿಸಿದ ಮೇಲೆ ನಾವೆಲ್ಲ ‘ಆಹಾ’ ಎಂದು ಮುಂದಕ್ಕೆ ಹೋಗುತ್ತೇವೆ.

ಸ್ವಲ್ಪ ನಿಂತು ಯೋಚಿಸಬೇಕಾದ ಜಾಗ ಅದು. ದೇವಾಲಯ ವಿಷ್ಣುವಿನದು, ವಿಗ್ರಹ ಸುಂದರಿಯದು, ಹಣ ಅರಸನದು. ಈ ಮೂವರಲ್ಲಿ ನೊಣವನ್ನು ಕೇಳಿದವರು ಯಾರೂ ಇರಲಾರರು. ಶಿಲ್ಪಶಾಸ್ತ್ರಕ್ಕೆ ಅದರ ಅಗತ್ಯವಿಲ್ಲ. ಪುರಾಣಕ್ಕೆ ಅದು ಸಂಬಂಧಿಸಿದ್ದಲ್ಲ. ಹಣ್ಣು ಎಲ್ಲಿದೆಯೋ ಅಲ್ಲಿಗೆ ನೊಣ ಬರುತ್ತದೆ, ನೊಣ ಎಲ್ಲಿದೆಯೋ ಅಲ್ಲಿಗೆ ಹಲ್ಲಿ ಬರುತ್ತದೆ ಎಂಬ ನಿತ್ಯದ ಸತ್ಯವನ್ನು ಬಲ್ಲ ಒಬ್ಬ ಮನುಷ್ಯ ತನ್ನ ಕಣ್ಣಿಗೆ ತಾನು ನಿಷ್ಠನಾಗಿ ಅದನ್ನು ಕೆತ್ತಿದ. ಇಲ್ಲಿಯ ಮದನಿಕೆಯರ ಕೆಳಗೆ ತಮ್ಮ ಹೆಸರನ್ನು ಕೆತ್ತಿಕೊಂಡ ಶಿಲ್ಪಿಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಬಳ್ಳಿಗಾವೆಯೋ ಬನವಾಸಿ ನಾಡಿನದೇ. ದುಂಬಿಯಾಗಲು ಹಂಬಲಿಸಿದ ಕವಿಯ ನೆಲದಿಂದಲೇ ಬೇಲೂರಿಗೆ ಉಳಿ ಹಿಡಿದು ಬಂದವರಿದ್ದರು ಎಂಬುದು ನನಗೆ ಹಿತವಾದ ಸಂಗತಿ.

ಇದರಲ್ಲಿ ಕಲ್ಲಿನ ಪಾಲೂ ಇದೆ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದರಲ್ಲಿ ಬಳೆಯನ್ನು ಬಿಡಿಸಬಹುದು, ನೊಣದ ರೆಕ್ಕೆಯನ್ನೂ ಬಿಡಿಸಬಹುದು. ನಮ್ಮ ನೆರೆಯ ಮಾಮಲ್ಲಪುರದ ಕಲ್ಲು ಅಂಥದಲ್ಲ. ಗ್ರಾನೈಟಿನಲ್ಲಿ ನೊಣ ಕೆತ್ತಹೊರಟರೆ ಉಳಿಯೇ ಮುರಿದೀತು. ಹಾಗಾದರೆ ಪಲ್ಲವ ಶಿಲ್ಪಿಗೆ ಕೀಟ ಕಾಣಲಿಲ್ಲವೇ? ಕಂಡಿತು. ಅರ್ಜುನನ ತಪಸ್ಸು ಎಂದು ಕರೆಯುವ ಮಹಾಶಿಲೆಯ ಬಳಿ ಬಿಡಿಯಾಗಿ ಕುಳಿತಿರುವ ಮಂಗಗಳ ಸಂಸಾರವನ್ನು ನೆನಪಿಸಿಕೊಳ್ಳಿ. ತಾಯಿ ಮರಿಗೆ ಹಾಲೂಡಿಸುತ್ತಿದೆ. ಹಿಂದೆ ಕುಳಿತ ಗಂಡು ಅದರ ತಲೆಯಲ್ಲಿ ಹೇನು ಹೆಕ್ಕುತ್ತಿದೆ. ಹೇನನ್ನು ಶಿಲ್ಪಿ ಕೆತ್ತಿಲ್ಲ, ಕೆತ್ತುವಂತೆಯೂ ಇರಲಿಲ್ಲ. ಆದರೆ ಬೆರಳು ನೋಡಿದರೆ ಹೇನು ಕಾಣುತ್ತದೆ. ಬೇಲೂರಿನವನು ಹುಳುವನ್ನು ಕೆತ್ತಿ ತೋರಿಸಿದ, ಮಾಮಲ್ಲಪುರದವನು ಕೆತ್ತದೆಯೇ ತೋರಿಸಿದ. ಯಾರು ದೊಡ್ಡವರು ಎಂಬ ವಾದಕ್ಕೆ ನಾನು ಹೋಗಲಾರೆ. ಎರಡು ರಾಜ್ಯಗಳ ನಡುವೆ ವಾದಕ್ಕೆ ವಿಷಯಗಳು ಈಗಾಗಲೇ ಸಾಕಷ್ಟಿವೆ.

ಯುರೋಪಿನ ಕಲೆಯಲ್ಲೂ ನೊಣಕ್ಕೆ ಒಂದು ಚರಿತ್ರೆಯಿದೆ. ಚಿತ್ರಕಾರ ಜೊತ್ತೊ ಶಿಷ್ಯನಾಗಿದ್ದಾಗ ಗುರುವಿನ ಚಿತ್ರದಲ್ಲಿನ ಮೂಗಿನ ಮೇಲೆ ಒಂದು ನೊಣ ಬರೆದನೆಂದೂ, ಗುರು ಅದನ್ನು ನಿಜವೆಂದು ಬಗೆದು ಓಡಿಸಲು ಹೋದನೆಂದೂ ಹದಿನಾರನೆಯ ಶತಮಾನದಲ್ಲಿ ವಾಸಾರಿ ಬರೆದಿಟ್ಟಿದ್ದಾನೆ. ಪೆತ್ರಸ್ ಕ್ರಿಸ್ತಸ್ 1446ರಲ್ಲಿ ರಚಿಸಿದ ಒಬ್ಬ ಸಂನ್ಯಾಸಿಯ ಭಾವಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಚೌಕಟ್ಟಿನಂತೆ ಬರೆದ ಅಂಚಿನ ಮೇಲೆ ನೊಣವೊಂದು ಕುಳಿತಿದೆ. ವಿದ್ವಾಂಸರು ಅದನ್ನು ಮರಣದ ಸಂಕೇತವೆಂದೂ ಕುಂಚದ ಕೈಚಳಕವೆಂದೂ ವ್ಯಾಖ್ಯಾನಿಸುತ್ತಾರೆ. ಅಲ್ಲಿಯ ನೊಣ ನೋಡುವವನನ್ನು ಏಮಾರಿಸಲು ಕುಳಿತ ನೊಣ. ಬೇಲೂರಿನ ನೊಣಕ್ಕೆ ನಮ್ಮ ಗೊಡವೆಯಿಲ್ಲ. ಅದರ ಲಕ್ಷ್ಯ ಹಣ್ಣಿನ ಮೇಲೆ. ಹಲ್ಲಿಯ ಲಕ್ಷ್ಯ ಅದರ ಮೇಲೆ. ನನಗೆ ಈ ಭೇದ ಚಿಕ್ಕದಾಗಿ ಕಾಣುವುದಿಲ್ಲ.

ಇಷ್ಟು ಹೊತ್ತು ಹುಳು ಕಲೆಯ ವಸ್ತುವಾದುದನ್ನು ಕುರಿತು ಹೇಳಿದೆ. ಹುಳುವಿನ ದೇಹವೇ ಕಲೆಯ ಸಾಮಗ್ರಿಯಾದ ಕಥೆ ಇದಕ್ಕಿಂತ ದೊಡ್ಡದು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ದಿನವೂ ಬಸ್ಸಿನಲ್ಲಿ ದಾಟುವ ಸೈದಾಪೇಟೆಯಲ್ಲಿ.

ಹದಿನೆಂಟನೆಯ ಶತಮಾನದಲ್ಲಿ ಕೆಂಪು ಬಣ್ಣವೆಂದರೆ ರಾಜಕೀಯ. ಯುರೋಪಿನ ಅತಿ ಬೆಲೆಬಾಳುವ ಕೆಂಪು ಬರುತ್ತಿದ್ದುದು ಮೆಕ್ಸಿಕೊದಿಂದ, ಕಾಚಿನೀಲ್ ಎಂಬ ಹುಳುವಿನಿಂದ. ಪಾಪಾಸುಕಳ್ಳಿಯ ಜಾತಿಯ ಗಿಡಗಳ ಮೇಲೆ ಬಿಳಿಯ ಹತ್ತಿಯಂಥ ಹೊದಿಕೆಯೊಳಗೆ ಅಂಟಿಕೊಂಡು ರಸ ಹೀರುವ ಈ ಹುಳುಗಳಲ್ಲಿ ಹೆಣ್ಣನ್ನು ಆರಿಸಿ ಒಣಗಿಸಿ ಅರೆದರೆ ಕಡುಗೆಂಪು ಸಿಗುತ್ತದೆ. ಆ ವ್ಯಾಪಾರವೆಲ್ಲ ಸ್ಪೇನಿನ ಹಿಡಿತದಲ್ಲಿತ್ತು. ಇಂಗ್ಲಿಷರ ದಂಡಿನಲ್ಲಿ ಸಾಮಾನ್ಯ ಸಿಪಾಯಿಯ ಕೆಂಪು ಕೋಟಿಗೆ ಬೇರಿನ ಬಣ್ಣ, ಅಧಿಕಾರಿಯ ಕೋಟಿಗೆ ಈ ಹುಳುವಿನ ಬಣ್ಣ. ಶತ್ರುವಿನಿಂದ ಕೊಂಡ ಹುಳುವಿನಲ್ಲಿ ಬಟ್ಟೆ ಅದ್ದಿ ಶತ್ರುವಿನ ಮೇಲೇ ಯುದ್ಧಕ್ಕೆ ಹೋಗಬೇಕಾದ ಅವಸ್ಥೆ.

ಆಗ ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಕಂಪನಿಯ ವೈದ್ಯನಿದ್ದ. ನುಂಗಂಬಾಕ್ಕಂನಲ್ಲಿ ಅವನದೊಂದು ದೊಡ್ಡ ಸಸ್ಯೋದ್ಯಾನ. 1786ರಲ್ಲಿ ಅವನು ಇಲ್ಲಿಯ ಒಂದು ಹುಲ್ಲಿನ ಮೇಲೆ ಕಾಚಿನೀಲನ್ನು ಹೋಲುವ ಹುಳುವನ್ನು ಕಂಡು, ಲಂಡನ್ನಿನ ಸರ್ ಜೋಸೆಫ್ ಬ್ಯಾಂಕ್ಸರಿಗೆ ಉತ್ಸಾಹದಿಂದ ಪತ್ರಗಳನ್ನು ಬರೆದ. ಆ ಹುಳು ಕೆಲಸಕ್ಕೆ ಬರಲಿಲ್ಲ, ಆದರೆ ಕಂಪನಿಗೆ ಆಸೆ ಹತ್ತಿತು. ನಿಜವಾದ ಹುಳು ಬಂದಾಗ ಅದಕ್ಕೆ ಆಹಾರ ಸಿದ್ಧವಿರಲೆಂದು ಸೈದಾಪೇಟೆಯಲ್ಲಿ ಕಳ್ಳಿಯ ತೋಟ ಎದ್ದಿತು. ಇದನ್ನು ‘ನೊಪಾಲ್ರಿ’ ಎಂದು ಕರೆದರು. ‘ನೊಪಾಲ್’ ಎಂಬುದು ಮೆಕ್ಸಿಕೊದಲ್ಲಿ ಆ ಕಳ್ಳಿಗಿರುವ ಹೆಸರು. ತೋಟದ ಉಸ್ತುವಾರಿ ಆಂಡರ್ಸನ್ನನ ಸೋದರಳಿಯ ಆಂಡ್ರೂ ಬೆರಿಯದಾಗಿತ್ತು. ಊಟದೆಲೆ ಹಾಸಿ ಅತಿಥಿಗಾಗಿ ಕಾದು ಕುಳಿತಂತೆ ಮದ್ರಾಸು ಒಂದು ಹುಳುವಿಗಾಗಿ ಕಾದಿತ್ತು.

ಅತಿಥಿ ಬಂದದ್ದು 1795ರಲ್ಲಿ. ನೀಲ್ಸನ್ ಎಂಬ ಕಪ್ತಾನ ಬ್ರೆಜಿಲಿನ ರಿಯೊ ಡಿ ಜನೈರೊದಿಂದ ಹುಳು ಹತ್ತಿದ ಕಳ್ಳಿಗಳನ್ನು ಹಡಗಿನಲ್ಲಿ ಕಲ್ಕತ್ತೆಗೆ ತಂದ. ಹುಳು ಬದುಕಿತು, ಸಮೃದ್ಧವಾಗಿ ಮರಿಮಾಡಿತು, ಕಳ್ಳಿಯಿಂದ ಕಳ್ಳಿಗೆ ಹಬ್ಬಿತು. ಬಣ್ಣ ಮಾತ್ರ ಕಳಪೆ. ಬಂದದ್ದು ಮೆಕ್ಸಿಕೊದ ರೈತರು ತಲೆಮಾರುಗಳಿಂದ ಸಾಕಿದ ತಳಿಯಲ್ಲ. ಅದರ ದಾಯಾದಿಯಾದ ಬೇರೊಂದು ಕಾಡುಜಾತಿ. ನೋಡಲು ಒಂದೇ, ಗುಣ ಬೇರೆ. ಕಂಪನಿ ಎಷ್ಟು ಬಹುಮಾನ ಘೋಷಿಸಿದರೂ ಆ ಹುಳು ತನ್ನಲ್ಲಿಲ್ಲದ ಕೆಂಪನ್ನು ಕೊಡಲಿಲ್ಲ. 1800ರ ಹೊತ್ತಿಗೆ ಸೈದಾಪೇಟೆಯ ತೋಟ ಮುಚ್ಚಿತು. ಶ್ರೀರಂಗಪಟ್ಟಣ ಬಿದ್ದು ವರ್ಷವಾಗಿತ್ತು. ಹೈದರ್ ಮತ್ತು ಟಿಪ್ಪು ಬೆಳೆಸಿದ ಲಾಲ್‌ಬಾಗ್ ಕಂಪನಿಯ ಕೈಗೆ ಬಂದಿತ್ತು. ಇಲ್ಲಿಯ ಗಿಡಗಳಲ್ಲಿ ಬೆಲೆಬಾಳುವುವು ಅಲ್ಲಿಗೆ ಪಯಣ ಮಾಡಿದವು. ಮದ್ರಾಸಿನಿಂದ ಬೆಂಗಳೂರಿಗೆ ವಲಸೆ ಹೋದವರಲ್ಲಿ ಕಳ್ಳಿಗೂ ಸ್ಥಾನವುಂಟು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಬಣ್ಣ ಕೊಡದ ಆ ಹುಳು ಕಳ್ಳಿಯನ್ನು ಮಾತ್ರ ಬುಡಸಹಿತ ತಿಂದು ಮುಗಿಸುತ್ತದೆಂಬುದನ್ನು ಜನ ಗಮನಿಸಿದರು. 1836ರಿಂದ 1838ರ ಅವಧಿಯಲ್ಲಿ ಅದನ್ನು ಕಳ್ಳಿಯ ನಾಶಕ್ಕೆಂದೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಒಂದು ಕಳೆಯನ್ನು ಒಂದು ಕೀಟದಿಂದ ಗೆಲ್ಲುವ ವಿದ್ಯೆಯ ಪ್ರಪಂಚದ ಮೊದಲ ದೃಷ್ಟಾಂತಗಳಲ್ಲಿ ಇದನ್ನು ಎಣಿಸುತ್ತಾರೆ. ಇನ್ನೊಂದು ಜಾತಿಯ ಕಳ್ಳಿ, ಅಂದರೆ ನಮ್ಮ ಪಾಪಾಸುಕಳ್ಳಿ, ತಮಿಳರ ಸಪ್ಪಾತ್ತಿಕ್ಕಳ್ಳಿ, ಇದಕ್ಕೆ ಬಗ್ಗಲಿಲ್ಲ. ಅದು ಹೊಲಗದ್ದೆ ಗೋಮಾಳಗಳನ್ನೆಲ್ಲ ಆಕ್ರಮಿಸಿತು. 1926ರಲ್ಲಿ ಶ್ರೀಲಂಕೆಯಿಂದ ಮತ್ತೊಂದು ಬಗೆಯ ಕಾಚಿನೀಲ್ ಹುಳುವನ್ನು ತರಿಸಿದರು. ಕೆಲವೇ ವರ್ಷಗಳಲ್ಲಿ ಬೆಟ್ಟದಂಥ ಕಳ್ಳಿಯ ಮೆಳೆಗಳು ಕರಗಿ ನೆಲ ಕಂಡಿತು. ಒಂದು ಕಳ್ಳಿಗೆ ಒಂದು ಹುಳು. ಅದರ ಪಕ್ಕದ ಕಳ್ಳಿಗೆ ಬೇರೆಯೇ ಹುಳು. ನಿಸರ್ಗದ ಲೆಕ್ಕ ಅಷ್ಟು ಸೂಕ್ಷ್ಮ. ಬರಿಯ ಕೆಂಪನ್ನು ಕಂಡವನಿಗೆ ಆ ಲೆಕ್ಕ ಸಿಕ್ಕಲಿಲ್ಲ. ಹುಳುವನ್ನು ಕಂಡವನಿಗೆ ಸಿಕ್ಕಿತು.

ಆಂಡರ್ಸನ್ 1809ರಲ್ಲಿ ಇಲ್ಲಿಯೇ ತೀರಿಕೊಂಡ. ಶಿಲ್ಪಿ ಚಾಂಟ್ರಿ ಮಾಡಿದ ಅವನ ಪ್ರತಿಮೆ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿದೆ. ಆತನನ್ನು ನಗೆಪಾಟಲು ಮಾಡುವುದು ನನ್ನ ಉದ್ದೇಶವಲ್ಲ. ಅವನು ನಿಜವಾದ ಜಿಜ್ಞಾಸು. ಅವಸರವಿದ್ದುದು ಅವನ ಧಣಿಗಳಿಗೆ.

ವಿಚಿತ್ರವೆಂದರೆ, ಸಮುದ್ರದಾಚೆಯ ಕೆಂಪಿಗಾಗಿ ಇಷ್ಟು ಪಾಡುಪಟ್ಟ ಕಾಲದಲ್ಲಿ ಈ ದೇಶಕ್ಕೆ ತನ್ನದೇ ಆದ ಕೆಂಪು ಹುಳುವಿತ್ತು. ಅದು ಅರಗಿನ ಹುಳು. ಮುತ್ತುಗ, ಎಲಚಿ, ಮೈಸೂರು ಸೀಮೆಯಲ್ಲಾದರೆ ಜಾಲಾರಿ ಮರಗಳ ಎಳೆಗೊಂಬೆಗಳ ಮೇಲೆ ಸಾವಿರಗಟ್ಟಲೆ ಹುಳುಗಳು ಒತ್ತೊತ್ತಾಗಿ ಕುಳಿತು, ತಮ್ಮ ಮೈಯಿಂದ ಒಸರುವ ಅಂಟಿನಲ್ಲಿ ತಾವೇ ಹೂತುಹೋಗುತ್ತವೆ. ಆ ಗಟ್ಟಿಯಾದ ಅಂಟೇ ಅರಗು. ಅದನ್ನು ತೊಳೆದ ನೀರೇ ಕೆಂಪು ಬಣ್ಣ. ‘ಲಾಕ್ಷಾ’ ಎಂಬ ಸಂಸ್ಕೃತ ಶಬ್ದಕ್ಕೂ ಲಕ್ಷ ಎಂಬ ಸಂಖ್ಯೆಗೂ ನಂಟು ಹೇಳುವವರಿದ್ದಾರೆ. ಕೊಂಬೆಯನ್ನು ಒಮ್ಮೆ ನೋಡಿದರೆ ಆ ಮಾತನ್ನು ನಂಬಬೇಕೆನಿಸುತ್ತದೆ. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯೂ ಈ ಹುಳುವಿನ ಬೆವರೇ.

ಚನ್ನಪಟ್ಟಣದ ಬೊಂಬೆಯನ್ನು ನಿಮ್ಮ ಮೊಮ್ಮಕ್ಕಳ ಕೈಗೆ ಕೊಟ್ಟಿದ್ದೀರಿ. ಅದರ ಮೇಲಿನ ಬಣ್ಣ ಕುಂಚದಿಂದ ಬಳಿದದ್ದಲ್ಲ. ಹಾಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಓಲೆಯನ್ನು ಅದುಮಿ ಹಿಡಿದರೆ ಕನ್ನಡಿಯಂಥ ಹೊಳಪು. ಕಾರ್ಖಾನೆಯ ಪ್ಲಾಸ್ಟಿಕ್ಕಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಗು ಮೊದಲು ಬಾಯಿಂದಲೇ ಪರೀಕ್ಷಿಸುತ್ತದೆ. ಅರಗು ಮಗುವಿಗೆ ಅಪಾಯ ಮಾಡುವುದಿಲ್ಲ. ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಮಾನ್ಯತೆಯಲ್ಲಿ ಊರಿನ ಹೆಸರಿದೆ. ಹುಳುವಿನ ಹೆಸರನ್ನು ಯಾರೂ ಹಾಕಲಿಲ್ಲ.

ಇನ್ನೊಂದು ಹುಳುವನ್ನು ಬಿಟ್ಟರೆ ಮದ್ರಾಸಿಗೆ ಅನ್ಯಾಯವಾದೀತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಬೆಳೆದವರು ಮಳೆಗಾಲದಲ್ಲಿ ಜೀರ್ಜಿಂಬೆಯನ್ನು ಹಿಡಿದು, ಬೆಂಕಿಪೊಟ್ಟಣದಲ್ಲಿ ಜಾಲಿಯ ಎಲೆ ಹಾಸಿ ಸಾಕಿದ್ದುಂಟು. ಹಸಿರೋ ಚಿನ್ನವೋ ಎಂದು ಹೇಳಲಾಗದ ಹೊಳಪು. ತಮಿಳಿನಲ್ಲಿ ಅದರ ಹೆಸರು ಪೊನ್ವಂಡು, ಎಂದರೆ ಹೊನ್ನಿನ ದುಂಬಿ. ಅದನ್ನು ಸಾಕಲು ಇಲ್ಲಿಯ ಮಕ್ಕಳು ಬಳಸಿದ್ದೂ ಬೆಂಕಿಪೊಟ್ಟಣವನ್ನೇ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜಾತಿಯ ದುಂಬಿಗಳ ಗಟ್ಟಿ ಮೇಲ್ರೆಕ್ಕೆಗಳನ್ನು ಎಲೆಯ ಆಕಾರಕ್ಕೆ ಕತ್ತರಿಸಿ, ಜರಿಯೊಂದಿಗೆ ತೆಳು ಮಸ್ಲಿನ್ ಬಟ್ಟೆಯ ಮೇಲೆ ಹೊಲಿಯುವ ಕಸೂತಿಗೆ ಮದ್ರಾಸು ಹೆಸರಾಗಿತ್ತು. ಕೊಳ್ಳುತ್ತಿದ್ದವರು ಹೆಚ್ಚಾಗಿ ಯುರೋಪಿಯನ್ ಹೆಂಗಸರು. ಲಂಡನ್ನಿನ ರಂಗಭೂಮಿಯಲ್ಲಿ 1888ರಲ್ಲಿ ಎಲೆನ್ ಟೆರ‍್ರಿ ಲೇಡಿ ಮ್ಯಾಕ್‌ಬೆತ್ ಆಗಿ ತೊಟ್ಟ ಉಡುಗೆಯ ತುಂಬ ಇಂಥ ರೆಕ್ಕೆಗಳಿದ್ದವು. ಚಿತ್ರಕಾರ ಸಾರ್ಜೆಂಟ್ ಅದೇ ಉಡುಗೆಯಲ್ಲಿ ಅವಳನ್ನು ಚಿತ್ರಿಸಿದ. 1903ರ ದಿಲ್ಲಿ ದರ್ಬಾರಿನ ಸಂದರ್ಭದಲ್ಲಿ ಲೇಡಿ ಕರ್ಜನ್ ಉಟ್ಟ ನವಿಲುಗರಿಯ ಮಾದರಿಯ ಉಡುಪಿನಲ್ಲಿ ಗರಿಯ ಕಣ್ಣುಗಳಾಗಿ ಹೊಳೆದದ್ದೂ ದುಂಬಿಯ ರೆಕ್ಕೆಯೇ.

ಆ ಉಡುಪುಗಳ ಜರಿ ಕಪ್ಪಾದರೂ, ಬಟ್ಟೆ ಜೀರ್ಣವಾದರೂ ರೆಕ್ಕೆಯ ಹಸಿರು ಮಾಸುವುದಿಲ್ಲ. ಕಾರಣ, ಅದು ಅದ್ದಿದ ಬಣ್ಣವಲ್ಲ. ರೆಕ್ಕೆಯ ಮೇಲ್ಮೈಯಲ್ಲಿ ಅತಿ ತೆಳುವಾದ ಪದರಗಳು ಒಂದರ ಮೇಲೊಂದಿವೆ. ಅವು ಬೆಳಕನ್ನು ಒಡೆದು ಹಿಂದಕ್ಕೆ ಕಳಿಸುವ ರೀತಿಯೇ ನಮ್ಮ ಕಣ್ಣಿಗೆ ಹಸಿರಾಗಿ ಕಾಣುತ್ತದೆ. ದುಂಬಿ ಸತ್ತರೂ ಪದರ ಉಳಿಯುತ್ತದೆ, ಪದರವಿದ್ದಷ್ಟು ದಿನ ಬಣ್ಣವೂ ಉಳಿಯುತ್ತದೆ.

ಈಗ ರೇಷ್ಮೆಗೆ ಬರೋಣ. ಇದು ನಮ್ಮ ಸಂಸಾರದ ವಿಷಯವೇ ಆದ್ದರಿಂದ ಕೊಂಚ ವಿಸ್ತಾರಕ್ಕೆ ಅವಕಾಶ ಕೊಡಿ.

ಅಕ್ಕಮಹಾದೇವಿಯ ಒಂದು ಪ್ರಸಿದ್ಧ ವಚನದಲ್ಲಿ ತೆರಣಿಯ ಹುಳು ಬರುತ್ತದೆ. ತನ್ನ ನೂಲೇ ತನ್ನನ್ನು ಸುತ್ತಿ ಕೊಲ್ಲುವ ಹುಳುವಿನ ಉಪಮೆ ಅದು. ಮನಸ್ಸಿನ ಆಸೆಗಳ ಬಗ್ಗೆ ಆಕೆ ಹೇಳುವ ಮಾತು ನಮಗೆಲ್ಲ ಗೊತ್ತು. ನಾನು ಗಮನಿಸುವುದು ಹುಳುವನ್ನು. ಮೈಸೂರಿಗೆ ರೇಷ್ಮೆ ತಂದವನು ಟಿಪ್ಪು ಎಂದು ನಾವು ಪಾಠ ಓದಿದ್ದೇವೆ. ಅಕ್ಕ ಅವನಿಗಿಂತ ಆರುನೂರು ವರ್ಷ ಹಿಂದಿನವಳು. ಗೂಡು ಕಟ್ಟಿ ಸಾಯುವ ಹುಳುವನ್ನು ಕನ್ನಡದ ಕಣ್ಣು ಹನ್ನೆರಡನೆಯ ಶತಮಾನದಲ್ಲೇ ಕಂಡಿತ್ತು. ಟಿಪ್ಪು ತಂದದ್ದು ಉದ್ಯಮ. 1780ರ ದಶಕದ ಅವನ ಪತ್ರಗಳಲ್ಲಿ ಮಸ್ಕತ್ತಿನಿಂದಲೂ ಬಂಗಾಳದಿಂದಲೂ ಹುಳುಗಳನ್ನು, ಅವುಗಳ ಜೊತೆಗೆ ಸಾಕಬಲ್ಲ ಜನರನ್ನು ತರಿಸುವ ಆಜ್ಞೆಗಳಿವೆ. ಅವನ್ನು ಕರ್ಕ್‌ಪ್ಯಾಟ್ರಿಕ್ ಎಂಬ ಇಂಗ್ಲಿಷ್ ಅಧಿಕಾರಿ 1811ರಲ್ಲಿ ಅನುವಾದಿಸಿ ಪ್ರಕಟಿಸಿದ. ಹುಳುವಿನ ಜೊತೆಗೆ ಅದನ್ನು ಬಲ್ಲ ಮನುಷ್ಯನೂ ಬೇಕೆಂಬುದು ಅರಸನಿಗೆ ಹೊಳೆದಿತ್ತು. ಅದೇ ಕಾಲದಲ್ಲಿ ನಮ್ಮ ಆಂಡರ್ಸನ್ ಕೂಡ ಮದ್ರಾಸಿನ ಸುತ್ತ ಹಿಪ್ಪುನೇರಳೆ ನೆಡಿಸಿ ರೇಷ್ಮೆಯ ಪ್ರಯತ್ನ ಮಾಡಿದ. ಇಲ್ಲಿ ಅದು ನೆಲೆಗೊಳ್ಳಲಿಲ್ಲ, ಮೈಸೂರಿನಲ್ಲಿ ನೆಲೆಗೊಂಡಿತು. ಹವೆಯೂ ಒಂದು ಕಾರಣ. ಆದರೆ ಹುಳು ಒಕ್ಕಲಿನ ಮನೆಯೊಳಕ್ಕೇ ಬಂದು ಸೇರಿಕೊಂಡದ್ದು ಅದಕ್ಕಿಂತ ದೊಡ್ಡ ಕಾರಣವೆಂದು ನನ್ನ ಎಣಿಕೆ.

ರಾಮನಗರ, ಕನಕಪುರ, ಶಿಡ್ಲಘಟ್ಟದ ಕಡೆಯವರು ಇಲ್ಲಿದ್ದರೆ ಅವರಿಗೆ ನಾನು ಹೇಳಬೇಕಾದ್ದಿಲ್ಲ. ಹುಳು ಪೊರೆ ಕಳಚುವುದಕ್ಕೆ ಅವರು ‘ಜ್ವರ’ ಎನ್ನುತ್ತಾರೆ. ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ ನಾಲ್ಕು ಜ್ವರ. ಜ್ವರದಲ್ಲಿ ಹುಳು ಮೇವು ಮುಟ್ಟದೆ ತಲೆಯೆತ್ತಿ ನಿಶ್ಚಲವಾಗಿರುತ್ತದೆ. ಮನೆಯವರು ಆಗ ಸೊಪ್ಪು ಹಾಕುವುದಿಲ್ಲ. ನಾಲ್ಕು ಜ್ವರ ಕಳೆದ ಹುಳು ‘ಹಣ್ಣಾಗುತ್ತದೆ’. ಹಣ್ಣಾದ ಹುಳುವನ್ನು ಆರಿಸಿ ಬಿದಿರಿನ ‘ಚಂದ್ರಿಕೆ’ಗೆ ಬಿಡುತ್ತಾರೆ, ಅಲ್ಲಿ ಅದು ನೂರಾರು ಮೀಟರ್ ಉದ್ದದ ಒಂದೇ ಎಳೆಯಿಂದ ತನ್ನ ಗೂಡನ್ನು ಸುತ್ತಿಕೊಳ್ಳುತ್ತದೆ. ಜ್ವರ, ಹಣ್ಣು, ಚಂದ್ರಿಕೆ! ಯಾವ ಪಾರಿಭಾಷಿಕ ಶಬ್ದಕೋಶ ಸಮಿತಿಯೂ ಇಂಥ ಪದಗಳನ್ನು ಕೊಡಲಾರದು. ಮನೆಯ ಕೂಸನ್ನು ನೋಡಿದಂತೆ ಹುಳುವನ್ನು ನೋಡಿದವರ ಮಾತುಗಳಿವು. ಆ ಕೂಸನ್ನು ಕೊನೆಗೆ ಬಿಸಿನೀರಿಗೆ ಹಾಕಬೇಕೆಂಬುದೂ ಅವರಿಗೆ ಗೊತ್ತು. ಇದರಲ್ಲಿರುವ ಹಿಂಸೆಯ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪಟ್ಟೆಯುಟ್ಟು ಪೂಜೆಗೆ ಕೂರುವ ನಾವು ಅದಕ್ಕೆ ಉತ್ತರ ಹೇಳಬೇಕೇ ಹೊರತು ಹಿಪ್ಪುನೇರಳೆ ಬೆಳೆದವರಲ್ಲ.

ಈ ಕಥೆಯಲ್ಲಿ ನೊಣವೂ ಉಂಟು. ಊಜಿ ನೊಣ. ಬಂಗಾ��ದಲ್ಲಿ ಮೊದಲಿನಿಂದ ಇದ್ದ ಈ ಪೀಡೆ 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ಅದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ತಿಂದು ಬೆಳೆಯುತ್ತದೆ. ಗೂಡು ಕಟ್ಟಿದ ಮೇಲಾದರೆ ಗೂಡನ್ನೇ ತೂತುಮಾಡಿ ಹೊರಬರುತ್ತದೆ. ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಎಷ್ಟೋ ಮನೆಗಳ ಬೆಳೆಯನ್ನು ಈ ನೊಣ ಹಾಳುಮಾಡಿತು. ಮನೆಯೊಳಗೆ ಸಾಕುವ ಹುಳುವಾದ್ದರಿಂದ ವಿಷ ಸಿಂಪಡಿಸುವಂತಿಲ್ಲ. ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟಿದರು. ಜೊತೆಗೆ ಊಜಿಯ ಕೋಶದೊಳಗೇ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಒಂದು ಸಣ್ಣ ಕಣಜವನ್ನು ಬೆಳೆಸಿ ರೈತರಿಗೆ ಕೊಡುವ ಪದ್ಧತಿ ಬಂತು. ಹುಳುವಿಗೆ ನೊಣ, ನೊಣಕ್ಕೆ ಕಣಜ. ಬೇಲೂರಿನ ಬಳ್ಳಿಯ ಚಪ್ಪರದಲ್ಲಿ ಹಣ್ಣಿಗೆ ನೊಣ, ನೊಣಕ್ಕೆ ಹಲ್ಲಿ ಎಂದು ಕೆತ್ತಿದವನಿಗೆ ಇದು ಅರ್ಥವಾಗುತ್ತಿತ್ತು.

ಆ ನೂಲು ಎಲ್ಲಿಗೆ ಹೋಗುತ್ತದೆ? ನಮ್ಮ ಹೆಣ್ಣುಮಕ್ಕಳ ಮದುವೆಗೆ ನಾವು ಕಾಂಚೀಪುರಕ್ಕೆ ಹೋಗುತ್ತೇವೆ. ಕಂಚಿಯ ಮಗ್ಗಗಳು ನೇಯುವ ರೇಷ್ಮೆಯಲ್ಲಿ ಬಹುಪಾಲು ಬರುತ್ತಿರುವುದು ಕರ್ನಾಟಕದಿಂದ. ಕಂಚಿ ಪಟ್ಟೆಯೆಂದು ನಾವು ಊರಿಗೆ ಒಯ್ದು ತೋರಿಸುವ ಸೀರೆಯ ಎಳೆ ಊರಿನಿಂದಲೇ ಬಂದದ್ದು. ಕಾವೇರಿಯ ಹೆಸರಿನಲ್ಲಿ 1991ರಲ್ಲೂ 2016ರಲ್ಲೂ ಹೊಸೂರಿನ ಗಡಿಯಲ್ಲಿ ಬಸ್ಸುಗಳು ನಿಂತ ದಿನಗಳನ್ನು ನೀವು ಕಂಡಿದ್ದೀರಿ. ಊರಿಗೆ ಹೊರಟವರು ಚೀಲ ಹಿಡಿದು ನಡೆದು ಗಡಿ ದಾಟಿದ್ದೂ ಉಂಟು. ನೀರಿನ ಲೆಕ್ಕವನ್ನು ನ್ಯಾಯಾಲಯ ನೋಡಿಕೊಳ್ಳಲಿ. ಎರಡು ರಾಜ್ಯಗಳ ನಂಟಿಗೆ ಸಾಕ್ಷಿ ಬೇಕೆಂದಾಗ ನಮ್ಮವರು ರಾಜವಂಶಗಳನ್ನೂ ವ್ಯಾಕರಣವನ್ನೂ ಎತ್ತಿಕೊಳ್ಳುತ್ತಾರೆ. ಒಂದು ಹುಳುವಿನ ಬಾಯೆಳೆ ಅವೆರಡಕ್ಕಿಂತ ಬಲವಾದ ಸಾಕ್ಷಿ ಎಂದು ನನಗನ್ನಿಸುತ್ತದೆ. ಅದನ್ನು ನೂರಾರು ಸಂಸಾರಗಳು ಇಂದಿಗೂ ಆ ಬದಿಯಲ್ಲಿ ಬಿಚ್ಚಿ ಈ ಬದಿಯಲ್ಲಿ ನೇಯುತ್ತಿವೆ.

ಕೊನೆಯದಾಗಿ ನಮ್ಮ ಮನೆಗಳ ವಿಷಯ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕೀಟವೆಂದರೆ ಸೊಳ್ಳೆ, ಜಿರಲೆ ಮತ್ತು ಅವುಗಳ ಮೇಲೆ ಸಿಂಪಡಿಸುವ ಡಬ್ಬಿ. ಉಳಿದವಕ್ಕೆಲ್ಲ ಒಂದೇ ಇಂಗ್ಲಿಷ್ ಶಬ್ದ. ತುಡುವೆ, ಹೆಜ್ಜೇನು, ಕೋಲುಜೇನು ಬೇರೆಬೇರೆ ಎಂದು ಅಜ್ಜಿಗೆ ಗೊತ್ತಿತ್ತು; ಅಮ್ಮನಿಗೆ ಜೇನು ಗೊತ್ತು; ಮಗುವಿಗೆ ಸೀಸೆ ಗೊತ್ತು. ಕಂಪನಿ ಎಡವಿದ್ದು ಇಂಥದೇ ಜಾಗದಲ್ಲಿ. ಎರಡು ಹುಳುಗಳನ್ನು ಒಂದೆಂದು ತಿಳಿಯಿತು. ಮಾವಿನ ಹೂವಿನಲ್ಲಿ ಪರಾಗ ಸಾಗಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ನೊಣಗಳೆಂದು ಹೇಳಿದರೆ ನಮ್ಮ ಮಕ್ಕಳು ಹಣ್ಣು ತಿನ್ನುವುದನ್ನೇ ಬಿಟ್ಟಾರು ಎಂಬ ಭಯ ನನಗಿದೆ.

ಇದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಅನಂತರ ಪ್ರಾಂಶುಪಾಲರಾಗಿ ಇದ್ದ ಬಿ.ಜಿ.ಎಲ್. ಸ್ವಾಮಿಯವರು ‘ಹಸಿರು ಹೊನ್ನು’ ಬರೆದು 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ, ಗಿಡಗಳನ್ನು ಅವುಗಳ ಕನ್ನಡದ ಹೆಸರು ಹಿಡಿದು ಮಾತನಾಡಿಸಿದ ಪುಸ್ತಕ ಅದು. ಹುಳುಗಳಿಗೆ ಅಂಥದೊಂದು ಪುಸ್ತಕ ಇಲ್ಲಿಂದ ಇನ್ನೂ ಬರಬೇಕಾಗಿದೆ. ಮದ್ರಾಸ್ ಸರ್ಕಾರದ ಮುದ್ರಣಾಲಯವೇ 1914ರಲ್ಲಿ ಫ್ಲೆಚರ್ ಎಂಬ ಕೀಟತಜ್ಞನಿಂದ ದಕ್ಷಿಣ ಭಾರತದ ಕೀಟಗಳ ಮೇಲೆ ದೊಡ್ಡ ಗ್ರಂಥ ಹೊರಡಿಸಿತ್ತು, ಇಂಗ್ಲಿಷಿನಲ್ಲಿ.

ಅಷ್ಟು ದೊಡ್ಡ ಕೆಲಸ ಸಂಘದಿಂದ ಆಗದಿರಬಹುದು. ಚಿಕ್ಕದೊಂದು ಆಗುತ್ತದೆ. ಭಾನುವಾರದ ಕನ್ನಡ ತರಗತಿಯ ಮಕ್ಕಳಿಗೆ ಒಂದೊಂದು ನೋಟುಪುಸ್ತಕ ಕೊಡೋಣ. ಗಿಂಡಿಯ ಉದ್ಯಾನವೋ, ಅಡ್ಯಾರಿನ ದಡವೋ, ಸ್ವಂತ ಮನೆಯ ತುಳಸಿಕಟ್ಟೆಯೋ, ಎಲ್ಲಾದರೂ ಸರಿ. ಕಂಡ ಹುಳುವಿನ ಚಿತ್ರ ಬರೆಯಲಿ. ಎಡಕ್ಕೆ ಕನ್ನಡದ ಹೆಸರು, ಬಲಕ್ಕೆ ನೆರೆಮನೆಯವರನ್ನು ಕೇಳಿ ತಮಿಳಿನ ಹೆಸರು. ಇರುವೆಗೆ ಎಱುಂಬು ಸಿಗುತ್ತದೆ. ಕಂಬಳಿಹುಳುವಿಗೆ ಅವರೂ ಕಂಬಳಿಯನ್ನೇ ಹೊದಿಸಿ ಕಂಬಳಿಪ್ಪೂಚ್ಚಿ ಎಂದಿದ್ದಾರೆ. ಜೇನ್ನೊಣಕ್ಕೆ ತೇನೀ, ಅಂದರೆ ಅವರಲ್ಲೂ ಜೇನಿನ ನೊಣವೇ. ಗೆದ್ದಲಿಗೆ ಮಾತ್ರ ಅವರದು ಬೇರೆ ದಾರಿ, ಕರೈಯಾನ್ ಎನ್ನುತ್ತಾರೆ. ಹೆಸರು ಗೊತ್ತಿಲ್ಲದ ಹುಳುವಿಗೆ ಊರಿಗೆ ಫೋನು ಮಾಡಿ ಅಜ್ಜಿಯನ್ನು ಕೇಳಲಿ. ಹಬ್ಬಕ್ಕೊಮ್ಮೆ ಆಡುವ ನಾಲ್ಕು ಮಾತಿಗಿಂತ ಅದು ಹೆಚ್ಚು ಹೊತ್ತು ನಡೆದೀತು. ಬಂದ ಪಟ್ಟಿಯನ್ನು ಈ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ. ಪುಟಗಳು ಹೆಚ್ಚಾದರೆ ಭಾಷಣಗಳಲ್ಲಿ ಒಂದನ್ನು ಬಿಡಬಹುದು, ನನ್ನದನ್ನೇ ಬಿಟ್ಟರೂ ಆಕ್ಷೇಪವಿಲ್ಲ ಎಂದೂ ಹೇಳಿದ್ದೇನೆ.